ಇಳಿತ

ಡೆಂಟಲ್ ಕಾಲೇಜು, ಎರಡನೇ ಮಹಡಿ.
ಎಳೆಯ ಹುಡುಗಿ, ಮುಖಕ್ಕೆ ಮಾಸ್ಕು, ಕೈಯಲ್ಲಿ ಗೆರೆ ಕೊರೆದ ಕಡ್ಡಿ.
ಒಸಡಿನ ಸಂದಿಗೆ ಇಳಿಸಿ ಆಳ ನೋಡುತ್ತಾಳೆ:
"ಮೂರು. ಐದು. ಐದು. ಆರು."
ಪಕ್ಕದವಳು ಬರೆದುಕೊಳ್ಳುತ್ತಾಳೆ,
ಮೆಕ್ಕೆಜೋಳದ ಚೀಲಕ್ಕೆ ಸಲಾಕೆ ಚುಚ್ಚಿ
ಮಂಡಿಯಲ್ಲಿ ತೇವ ಬರೆಸಿದ ಹಾಗೆ.
ಆರು ಅಂದರೆ ಎಷ್ಟು ಕೆಟ್ಟದ್ದು ಅಂತ ಕೇಳೋಣವೆಂದರೆ
ಬಾಯಿ ಅವರ ಹತ್ತಿರ ಇದೆ.

ಹದಿನೆಂಟು ವರ್ಷ ನುಂಗಿದೆ ಆ ಗುಳಿಗೆ,
ಬೆಳಗ್ಗೆ ಒಂದು, ರಾತ್ರಿ ಎರಡು.
ಮೂರ್ಛೆ ಹೋಯಿತು, ಒಸಡು ಬಂತು.
ಹುದುಗಿದ ಹಿಟ್ಟಿನ ಹಾಗೆ ಉಬ್ಬಿ ಉಬ್ಬಿ
ಹಲ್ಲುಗಳ ಅರ್ಧ ಮೈ ಮುಚ್ಚಿ ಕೂತಿತು.
ಮದುವೆಯ ಆಲ್ಬಮ್ಮಿನಲ್ಲಿ ಒಂದರಲ್ಲೂ ನಾನು ತುಟಿ ತೆರೆದಿಲ್ಲ.
ನಗು ಬರುವ ಮೊದಲೇ ಸೆರಗು ಎದ್ದು ಬರುತ್ತಿತ್ತು.

"ಐದು ವರ್ಷ ಏನೂ ಬಂದಿಲ್ಲ, ಬಿಟ್ಟು ನೋಡೋಣ," ಅಂದರು ದೊಡ್ಡ ಡಾಕ್ಟರು.
ಮೂರು ಎರಡಾಗಿ, ಒಂದಾಗಿ, ಅರ್ಧವಾಗಿ,
ಆಮೇಲೆ ಊಟದ ನಂತರ ಸುಮ್ಮನೆ ಚಾಚಿದ ಅಂಗೈ.
ಒಸಡೂ ಇಳಿಯಿತು.
ಇಳಿದದ್ದು ಮೊದಲಿದ್ದ ಜಾಗದಲ್ಲಿ ನಿಲ್ಲಲಿಲ್ಲ.
ಬಾಡಿಗೆಯವರು ಮನೆ ಬಿಡುವಾಗ
ಬಲ್ಬಿನ ಹೋಲ್ಡರು, ಗೋಡೆಯ ಮೊಳೆ,
ಬಚ್ಚಲ ಬಾಗಿಲ ಚಿಲಕವನ್ನೂ ಕಿತ್ತುಕೊಂಡು ಹೋದ ಹಾಗೆ.

ಈಗ ಹೂಜಿಯ ನೀರು ನನಗಲ್ಲ.
ಸ್ಕೂಟರಿನ ಹಿಂದೆ ಕೂತರೆ ಮಾತಿಲ್ಲ,
ಗಾಳಿ ನೇರ ಬೇರಿಗೆ ಬಡಿಯುತ್ತದೆ.
ಬೆಣ್ಣೆದೋಸೆಯ ಗರಿಗರಿ ಅಂಚು ಕೊಟ್ರೇಶಿಗೆ,
ನಡುವಿನ ಮೆತ್ತಗಿನದು ನನಗೆ.
ಉಪ್ಪುನೀರು, ಲವಂಗ, ಎಡಗಡೆಯ ದವಡೆಗೆ ರಜೆ.
ಭಟ್ಟಿ ಓಣಿಯ ಜೈತುನಬಿ ಒಂದು ಸೇರು ಮಂಡಕ್ಕಿ ಅಳೆದು ಸುರಿದು
"ಬಿಸಿ ಹಾಲಿಗೆ ಹಾಕ್ಕೊಂಡು ಕುಡಿ, ಹಲ್ಲಿಗೆ ಕೆಲಸಾನೇ ಬ್ಯಾಡ,
ಮಿರ್ಚಿ ಮಾತ್ರ ಕನಸಿನಾಗೆ ತಿನ್ನು," ಅನ್ನುತ್ತಾಳೆ.
ಅತ್ತೆಯದು ಒಂದೇ ಪ್ರಶ್ನೆ:
"ಮತ್ತೆ ಅದೇ ಗುಳಿಗಿ ತಗಂಡ್ರೆ ತುಂಬ್ಕಂಬಲ್ವೇನವ್ವಾ?"
ನಾನು ಉತ್ತರ ಕೊಡುವುದಿಲ್ಲ.
ಹಳೇ ಬೋರ್ನ್‌ವಿಟಾ ಡಬ್ಬಿಯಲ್ಲಿ ಹನ್ನೊಂದು ಉಳಿದಿವೆ.
ಎಣಿಸಿದ್ದೇನೆ.

ರಾತ್ರಿ ಎರಡೂವರೆಗೆ ಗೂಡ್ಸು ಗಾಡಿ.
ಗೇಟಿನ ಗಂಟೆ, ಆಮೇಲೆ ಹಳಿ, ಆಮೇಲೆ ನನ್ನ ದವಡೆ,
ಒಂದೇ ತಾಳಕ್ಕೆ ಮಿಡಿಯುತ್ತವೆ.
ಎದ್ದು ಕೂತು ಮೊದಲು ವಾಸನೆ ಹಿಡಿಯುತ್ತೇನೆ.
ಸುಟ್ಟ ರಬ್ಬರಿನ ವಾಸನೆ ಬಂದರೆ ಅದು,
ಹೆಬ್ಬೆರಳು ತಾನೇ ಕುಣಿದರೆ ಅದು.
ಇಲ್ಲ.
ಕೊಟ್ರೇಶಿ ಕಣ್ಣು ಬಿಡದೆ ದಿಂಬಿನ ಕೆಳಗಿಂದ
ಬೀಗದ ಕೈ ಗೊಂಚಲು ತೆಗೆದು ನನ್ನ ಮುಷ್ಟಿಗೆ ತುರುಕುತ್ತಾನೆ,
ಹದಿನೆಂಟು ವರ್ಷದ ರೂಢಿ.
"ಅದಲ್ಲ. ಹಲ್ಲು."
"ಬರೀ ಹಲ್ಲಾ?"
ಅಂದವನ ದನಿಯಲ್ಲಿ ಹಬ್ಬ.
ಮಗ್ಗುಲಾಗಿ ಗೊರಕೆ ಹೊಡೆಯುತ್ತಾನೆ.

ಹೌದು, ಬರೀ ಹಲ್ಲು.
ಮೂರ್ಛೆಯಲ್ಲಿ ನಾನೇ ಇರುತ್ತಿರಲಿಲ್ಲ.
ಎದ್ದಾಗ ಯಾರೋ ನನ್ನ ಬಾಯಿ ಒರೆಸಿರುತ್ತಿದ್ದರು,
ಗಡಿಯಾರ ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು,
ಸುತ್ತ ನಿಂತವರ ಮುಖ ನೋಡಿ
ಏನೇನು ಆಯಿತೆಂದು ಊಹಿಸಬೇಕಿತ್ತು.
ಈ ನೋವು ಜಿಪುಣ ಶೆಟ್ಟಿ,
ಒಂದು ನಿಮಿಷವನ್ನೂ ಬಿಟ್ಟುಕೊಡುವುದಿಲ್ಲ.
ಎರಡು ಮೂವತ್ತೊಂದು, ಇದ್ದೇನೆ.
ಎರಡು ಮೂವತ್ತೆರಡು, ಇದ್ದೇನೆ.
ಎರಡು ನಲವತ್ತಕ್ಕೆ ಪಕ್ಕದ ಮನೆಯ ಮಗು ಅತ್ತದ್ದು,
ಅದರವ್ವ ಲೈಟು ಹಾಕಿದ್ದು, ಆರಿಸಿದ್ದು,
ಎಲ್ಲಕ್ಕೂ ನಾನು ಸಾಕ್ಷಿ.

ಹೀಗಂತ ನೋವಿಗೆ ಕೈ ಮುಗಿಯುವವಳಲ್ಲ.
ಮೂರಕ್ಕೆ ಅತ್ತೆ.
ಮೂರೂ ಕಾಲಿಗೆ ಡಬ್ಬಿಯ ಮುಚ್ಚಳ ತೆಗೆದೆ,
ಮೂಸಿದೆ, ಮುಚ್ಚಿದೆ.
ಕೈಯಲ್ಲಿ ಕಬ್ಬಿಣ ಇನ್ನೂ ತಣ್ಣಗಿತ್ತು,
ಅದನ್ನೇ ಕೆನ್ನೆಗೆ ಒತ್ತಿಕೊಂಡು ಗೋಡೆಗೊರಗಿದೆ.

ಬೆಳಗ್ಗೆ ಹಾಲಿಗೆ ಹೋದಾಗ ಜೈತುನಬಿ ನಿಲ್ಲಿಸಿ
ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು:
"ಇದೇನೇ ಇದು, ಯಾರು ಕಚ್ಚಿದ್ರು?"
ಕೆನ್ನೆಯ ಮೇಲೆ ಸಾಲಾಗಿ, ಕೆಂಪಗೆ,
ಬೀರುವಿನ ಕೀಲಿಯ ಹಲ್ಲು.
ನಕ್ಕುಬಿಟ್ಟೆ.
ಗಾಳಿ ಒಳಗೆ ನುಗ್ಗಿ ಕುಕ್ಕಿತು.
ಸೆರಗು ಬರುವುದು ತಡವಾಯಿತು.